ಎದೆಯ ಮೇಲೆ ಕಾಗೆ ಹೊತ್ತ ಸಿಪಾಯಿ

ಹುಮನಾಬಾದ್

ನಾನು ಪೋಲೆಂಡಿಗೆ ಹೋದದ್ದು ಗುಳಿಗೆಯ ಪುಡಿ ಒಣಗಿಸುವ ಯಂತ್ರವನ್ನು ಕಲಿಯಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಇಂದಿಗೂ ಬೇರೆಯದೇ ಸುದ್ದಿ ಓಡಾಡುತ್ತಿದೆ. ನಾನು ಆಯಿಯ ಗೋಡೆಯ ಫೋಟೋ ಸಲುವಾಗಿ ವಿಮಾನ ಹತ್ತಿದೆನಂತೆ, ಕಂಪನಿ ಬರೀ ನೆಪವಂತೆ. ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಹದಿನೈದು ವರ್ಷ ಪುಡಿ ಕುಡಿದ ನನಗೆ ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಆದರೆ ವಾಪಸು ಬಂದ ಮೇಲೆ ನಾನೂ ಯಂತ್ರದ ಬಗ್ಗೆ ಒಬ್ಬರಿಗೂ ಏನೂ ಹೇಳಿಲ್ಲ ಎಂಬುದೂ ನಿಜ.

ಫೋಟೋ ಎಂದೆ. ಅಸಲಿಗೆ ಅದು ಎಣ್ಣೆಬಣ್ಣದ ಚಿತ್ರ. ಖಾಕಿ ಕೋಟು, ಮುಂದೆ ಅಂಚಿದ್ದ ಟೊಪ್ಪಿಗೆ, ಗೋಧಿ ಬಣ್ಣದ ಮುಖ, ಎರಡೂ ಕಡೆ ತಿರುವಿದ ಮೀಸೆ, ಎದೆಯ ಮೇಲೆ ಪಕ್ಷಿಯ ಒಂದು ಬಿಲ್ಲೆ. ನಮ್ಮ ಮನೆಯಲ್ಲಿ ಈ ಅಜ್ಜನ ಹೆಸರು ಶರಣಪ್ಪ ಮುತ್ಯಾ. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಈ ಮನೆಗೆ ಸೊಸೆಯಾಗಿ ಬರುವ ಎಷ್ಟೋ ಮೊದಲೇ ಅವಳ ಮಾವನ ತಮ್ಮ ದೊಡ್ಡ ಯುದ್ಧಕ್ಕೆ ಹೋಗಿ ತಿರುಗಿ ಬರಲಿಲ್ಲ. ಮಾವ ಬೆಲ್ಲದ ವ್ಯಾಪಾರಿ. ಕೊಲ್ಹಾಪುರಕ್ಕೆ ಹೋದ ಒಂದು ಸಲ ಬೆಲ್ಲದ ಜೊತೆ ಈ ಚಿತ್ರವನ್ನೂ ತಂದು, 'ಇದು ನನ್ನ ತಮ್ಮಂದು' ಎಂದು ಗೋಡೆಗೆ ಹಾಕಿದರಂತೆ. ಯಾರೂ ಏನೂ ಕೇಳಲಿಲ್ಲ.

ಈ ವರ್ಷ ಅದರ ಚೌಕಟ್ಟಿಗೆ ಗೆದ್ದಲು ಹತ್ತಿತು. ಹುಮನಾಬಾದಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಯೂಸುಫ್ ಭಾಯಿಯ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಮಗಳ ಮದುವೆಯ ಫೋಟೋ ಹಿಡಿದು ಕೂತಿದ್ದವರೊಬ್ಬರು ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಅವರು ಚಿತ್ರವನ್ನು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಯಾರ್ರೀ ಇವ್ರು?"

"ನಮ್ಮ ಮುತ್ಯಾ ಆಗಬೇಕ್ರಿ. ಮಿಲಿಟರಿ ಸಿಪಾಯಿ."

"ಸಿಪಾಯಿ ಅಲ್ರೀ, ವಿಮಾನ ನಡಸಾಂವ. ಎದಿ ಮ್ಯಾಲ ಬಿಲ್ಲಿ ನೋಡ್ರಿ. ಮತ್ತ ಇದು ನಮ್ಮ ದೇಶದ್ದಲ್ಲ." ಅವರು ಮೊಬೈಲಿನಲ್ಲಿ ಹುಡುಕಿ ಬಾಯಲ್ಲಿ ಬಳೆಯಾಕಾರದ್ದೇನೋ ಕಚ್ಚಿಕೊಂಡು ಹಾರುವ ಒಂದು ಹದ್ದನ್ನು ತೋರಿಸಿದರು. "ಪೋಲೆಂಡ್ ದೇಶದ ಪೈಲಟ್‌ಗೋಳ್ದು."

ಯೂಸುಫ್ ಭಾಯಿ ಮೊಳೆಯನ್ನು ಬಾಯಿಂದ ತೆಗೆದು ಹೇಳಿದ, "ಪಕ್ಷಿ ಪರದೇಶದ್ದು ಅದ, ಮೀಸಿ ನಮ್ಮ ಕಡೀದು ಅದ. ಎರಡೂ ಹ್ಯಾಂಗ ಕೂಡಿದ್ವು ಸಾಬ್?"

ನನ್ನ ಪೋಲೆಂಡ್ ವೀಸಾ ಅದಕ್ಕೂ ಹದಿನೈದು ದಿನ ಮೊದಲೇ ಬಂದಿತ್ತು. ಕಾಕತಾಳೀಯ ಎಂದರೆ ಓಣಿಯವರು ನಂಬುವುದಿಲ್ಲ, ನೀವಾದರೂ ನಂಬಿ.

ಬಸವಕಲ್ಯಾಣ

ಸುದ್ದಿಯನ್ನು ಆಯಿಗೆ ಹೇಳಬಾರದೆಂದು ಅಪ್ಪನೂ ನಾನೂ ನಿರ್ಧರಿಸಿದ್ದೆವು. ಆದರೆ ಬಾಗಿಲು ದಾಟುವ ಮೊದಲೇ ನನ್ನ ಮುಖ ನೋಡಿ ಅವಳು ಎಲ್ಲವನ್ನೂ ಕಕ್ಕಿಸಿದಳು.

"ಅಂದ್ರ ಇಷ್ಟು ವರ್ಷ ನಾ ಯಾರಿಗಿ ಹೋಳಿಗಿ ತಿನಿಸೀನಿ?"

ಹಿರಿಯರ ಅಮಾವಾಸ್ಯೆಯ ದಿನ ನಮ್ಮಲ್ಲಿ ಸತ್ತವರ ಫೋಟೋ ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೆಸರು ಹಿಡಿದು ಕರೆಯುತ್ತಾರೆ. ಇದೇ ಎಡೆ. ಆಯಿ ಮದುವೆಯಾಗಿ ಬಂದ ವರ್ಷದಿಂದ ಈ ಚಿತ್ರದ ಮುಂದೆ ಎಡೆ ಹಿಡಿದು 'ಶರಣಪ್ಪಾ ಬಾ' ಎಂದು ಕರೆದಿದ್ದಾಳೆ. ಚಿತ್ರದ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎದೆಯ ಮೇಲಿನ ಪಕ್ಷಿಯೇ ಅವಳಿಗೆ ಸಾಕ್ಷಿ. ಕಲಾವಿದನ ಕೈಯಲ್ಲಿ ಹದ್ದು ಸೊರಗಿ ಕಪ್ಪಾಗಿತ್ತು, ಬಾಯಲ್ಲಿದ್ದದ್ದು ದುಂಡಗಿತ್ತು. ಕಾಗೆ ರೊಟ್ಟಿ ಕಚ್ಚಿಕೊಂಡಿದೆ ಎಂದರೆ ಹಿರಿಯರು ಎಡೆ ಮುಟ್ಟಿದರು ಎಂದಲ್ಲವೇ ಅರ್ಥ? ಎಡೆಯನ್ನು ತನ್ನ ಎದೆಯ ಮೇಲೆಯೇ ಬರೆಸಿಕೊಂಡು ಬಂದ ಪುಣ್ಯಾತ್ಮ ಎಂದು ಅವಳು ಬಂದವರಿಗೆಲ್ಲ ತೋರಿಸುತ್ತಿದ್ದಳು.

"ಚಿತ್ರ ಮತ್ತೆ ಗೋಡೆಗೆ ಹಾಕೋದು ಬೇಡ," ಎಂದರು ಅಪ್ಪ.

"ಮನ್ಯಾಗ ಉಂಡಾಂವನ್ನ ಹೊರಗ ಹಾಕ್ತೀ ಏನು? ನಿನಗ ತಿಳೀವಲ್ದು. ನಾ ಶರಣಪ್ಪಾ ಅಂತ ಕರದೇನಿ. ಇಂವನ ಹೆಸರು ಅದಲ್ಲ, ಹಿಂಗಾಗಿ ಇಂವ ಬಂದಿಲ್ಲ. ಶರಣಪ್ಪ ಬಂದ್ರ ಚಿತ್ರದಾಗ ಅವನ ಮಾರಿ ಇಲ್ಲ, ಆಂವ ಎಲ್ಲಿ ಕೂಡಬೇಕು? ಇಬ್ಬರೂ ಉಪಾಸ!" ಆಯಿಯ ಕಣ್ಣಲ್ಲಿ ನೀರು ಬಂತು. ನಗು ತಡೆದುಕೊಂಡಿದ್ದ ನನಗೆ ಆಗ ಸಂಕಟವಾಯಿತು. ಇಷ್ಟು ವರ್ಷ ಅವಳು ಬೆಳಗಿನ ಚಹಾ ಕೂಡ ಕುಡಿಯದೆ ಮಾಡಿದ ಅಡುಗೆ ಅದು.

"ತಮ್ಮಾ, ಅದೇ ದೇಶಕ್ಕ ಹೊಂಟೀಯಲ್ಲ. ಅಮಾಸಿ ಬರೂದ್ರಾಗ ಇಂವನ ಹೆಸರು ತಗೊಂಡು ಬಾ," ಎಂದಳು, ಸಂತೆಯಿಂದ ಸೊಪ್ಪು ತರಲು ಹೇಳಿದಂತೆ.

ವಾರ್ಸಾ ವಿಮಾನ ನಿಲ್ದಾಣ

ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಖಡಕ್ ರೊಟ್ಟಿ ಹೆಚ್ಚಿತ್ತು. ಅಲ್ಲಿಯ ಅಧಿಕಾರಿ ಒಂದನ್ನು ಎತ್ತಿ, ಬೆರಳಿನಿಂದ ಬಾರಿಸಿ, ಕಿವಿಯ ಹತ್ತಿರ ಹಿಡಿದು ಕೇಳಿದ. ಏನಿದು, ಯಂತ್ರದ ಭಾಗವೇ? ಊಟ ಎಂದೆ. ಅವನು ನಂಬಲಿಲ್ಲ. ಕೊನೆಗೆ ಒಂದು ತುಂಡು ಮುರಿದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿ ಅವನೆದುರಿಗೇ ತಿಂದೆ. ಅದರ ಸದ್ದಿಗೆ ಪಕ್ಕದ ಸಾಲಿನವರೂ ತಿರುಗಿ ನೋಡಿದರು. ಅವನು ನನ್ನ ಹಲ್ಲುಗಳನ್ನು ಗೌರವದಿಂದ ನೋಡಿ ಹೋಗಲು ಬಿಟ್ಟ.

ಪೊಜ್ನಾನ್

ಯಂತ್ರ ಕಲಿಸುವ ಕಾರ್ಖಾನೆ ಈ ಊರಿನ ಹೊರಗಿತ್ತು. ನನಗೆ ಉಳಿಯಲು ಸಿಕ್ಕಿದ್ದು ಏವಾ ಎಂಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿ ಒಂದು ಕೋಣೆ. ಬಾಗಿಲು ತೆರೆದ ಅವರಿಗೆ ಹೊರಗೆ ನಿಂತೇ ಕೈ ಚಾಚಿದೆ. ಅವರು ಹಾವು ಕಂಡಂತೆ ಕೈ ಹಿಂದಕ್ಕೆ ಎಳೆದುಕೊಂಡರು. ನನ್ನ ಬಣ್ಣಕ್ಕೋ, ರೊಟ್ಟಿಯ ವಾಸನೆಗೋ ಎಂದು ಮುಖ ಸಪ್ಪಗಾಯಿತು. ಅವರು ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡು, ಅನಂತರ ಜೋರಾಗಿ ಕೈ ಕುಲುಕಿ ಇಂಗ್ಲಿಷಿನಲ್ಲಿ ಹೇಳಿದರು, "ಹೊಸ್ತಿಲ ಮೇಲೆ ಕೈ ಕೊಡಬಾರದು. ಜಗಳವಾಗುತ್ತದೆ." ಆಮೇಲೆ ಬೂಟು ಬಿಚ್ಚಿಸಿ ಮನೆಯ ಚಪ್ಪಲಿ ಕೊಟ್ಟರು. ಹೊಸ್ತಿಲ ಮೇಲೆ ಉಪ್ಪು ಕೇಳಿದರೂ ಬೈಯುವ ಆಯಿಯ ಮೊಮ್ಮಗ ನಾನು. ಏಳು ಸಮುದ್ರ ದಾಟಿ ಬಸವಕಲ್ಯಾಣಕ್ಕೇ ಬಂದೆನಲ್ಲ ಅನ್ನಿಸಿತು.

ಒಂದು ವಿಷಯದಲ್ಲಿ ಮಾತ್ರ ಅವರಿಗೂ ನಮಗೂ ಸಂಬಂಧವಿಲ್ಲ. ರಸ್ತೆ ಎರಡೂ ಕಡೆ ಖಾಲಿ ಇರುತ್ತದೆ, ನಾಯಿ ಕೂಡ ಇರುವುದಿಲ್ಲ. ಆದರೂ ಕೆಂಪು ದೀಪ ಇದೆಯೆಂದು ನಡೆದುಹೋಗುವವರೆಲ್ಲ ಮಳೆಯಲ್ಲಿ ನೆನೆಯುತ್ತ ನಿಂತಿರುತ್ತಾರೆ. ಹುಮನಾಬಾದಿನ ಹೆದ್ದಾರಿಯಲ್ಲಿ ಲಾರಿಗಳ ನಡುವೆ ದಾರಿ ಮಾಡಿಕೊಂಡು ಬೆಳೆದ ನನ್ನ ಕಾಲು ತಾನೇ ಮುಂದಕ್ಕೆ ಹೋಗುತ್ತಿತ್ತು. ಹಿಂದಿನಿಂದ ಒಬ್ಬ ಅಜ್ಜಿ ಕೊರಳಪಟ್ಟಿ ಹಿಡಿದು ಎಳೆದಳು. ಮರುದಿನವೂ ಅದೇ ಜಾಗದಲ್ಲಿ ಅದೇ ಅಜ್ಜಿ ನನ್ನನ್ನು ಎಳೆದಳು.

ಮೊಬೈಲಿನಲ್ಲಿ ಚಿತ್ರ ತೋರಿಸಿದಾಗ ಏವಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಬಿಲ್ಲೆ ನಮ್ಮದು. ಮನುಷ್ಯ ನಿಮ್ಮವನು!" ಹದ್ದಿನ ಬಾಯಲ್ಲಿರುವುದು ಗೆಲುವಿನ ಹಾರವಂತೆ. ಆಯಿಯ ಕಾಗೆಯ ಕಥೆ ಹೇಳಿದೆ. ಅವರು ನಗು ನಿಲ್ಲಿಸಿ, ಇಲ್ಲಿನ ವೈಮಾನಿಕರೂ ಪ್ರೀತಿಯಿಂದ ಅದನ್ನು ಕಾಗೆ ಎಂದೇ ಕರೆಯುತ್ತಾರೆ ಎಂದರು. ಆಯಿಗೆ ಇದನ್ನು ಫೋನಿನಲ್ಲಿ ತಿಳಿಸಿದಾಗ ಅವಳಿಗೆ ಏನೂ ಆಶ್ಚರ್ಯವಾಗಲಿಲ್ಲ. "ಕಾಗಿಗಿ ಕಾಗಿ ಅನ್ನದ ಮತ್ತೇನಂತಾರ? ಹೆಸರು ಸಿಕ್ತೇನು?" ಎಂದಳು.

ಹೆಸರು ಸಿಕ್ಕಿರಲಿಲ್ಲ. ಕಾರ್ಖಾನೆಯಲ್ಲಿ ಎಲ್ಲರಿಗೂ ಚಿತ್ರ ತೋರಿಸಿದೆ. ಒಬ್ಬ ಮೀಸೆ ಸುಳ್ಳು ಎಂದ, ಒಬ್ಬ ಕೋಟು ಸುಳ್ಳು, ನೀಲಿ ಇರಬೇಕಿತ್ತು ಎಂದ. ನನಗೆ ಯಂತ್ರ ಕಲಿಸುತ್ತಿದ್ದ ಮಾರೆಕ್ ಬಹಳ ಹೊತ್ತು ನೋಡಿ, ಕಿವಿಗಳು ಮಾತ್ರ ಪೋಲೆಂಡಿನವು ಎಂದ. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಕಿವಿಗಳನ್ನು ಹಿಡಿದು ಹೆಸರು ಹುಡುಕುವುದು ಹೇಗೆಂದು ನನಗೆ ಚಿಂತೆ ಹತ್ತಿತು.

ಅಣಬೆಯ ಕಾಡು

ಭಾನುವಾರ ಏವಾ ನನ್ನ ಕೈಗೆ ಬುಟ್ಟಿ ಕೊಟ್ಟು ಕಾಡಿಗೆ ಕರೆದೊಯ್ದರು. ಆ ಹಂಗಾಮಿನಲ್ಲಿ ಇಡೀ ದೇಶವೇ ಅಣಬೆ ಹುಡುಕಲು ಹೋಗುತ್ತದೆ. ಎಲ್ಲಿ ಸಿಕ್ಕಿತೆಂದು ಒಡಹುಟ್ಟಿದವರಿಗೂ ಹೇಳುವುದಿಲ್ಲ. ಎದುರು ಯಾರಾದರೂ ಬಂದರೆ ಏವಾ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚುವಂತೆ ಕೋಟಿನಲ್ಲಿ ಮುಚ್ಚಿಕೊಂಡು, ಬರೀ ಗಾಳಿ ಸೇವನೆಗೆ ಬಂದವರ ಮುಖ ಮಾಡುತ್ತಿದ್ದರು. ನಾನು ಕೆಂಪಗೆ, ಬಿಳಿ ಚುಕ್ಕೆ ಇದ್ದ ಅಣಬೆಗಳನ್ನು ಆರಿಸಿ ಬುಟ್ಟಿ ತುಂಬಿಕೊಂಡು ಬಂದೆ. ಅವರು ಬುಟ್ಟಿಯನ್ನು ಬೋರಲು ಹಾಕಿ, ನನ್ನ ಕೈಗಳನ್ನು ತಾವೇ ತಿಕ್ಕಿ ತೊಳೆದರು. ಅವು ವಿಷದವು.

ಮನೆಯಲ್ಲಿ ಅವರ ಅಣಬೆಗಳನ್ನು ಹೆಚ್ಚುತ್ತ ಕೂತಾಗ, ಚಿತ್ರದ ಹಿಂದೆ ಕೊಲ್ಹಾಪುರದ ಪೇಂಟರನೊಬ್ಬನ ರುಜು ಇರುವುದನ್ನು ಮಾತಿಗೆ ಮಾತು ಬಂದು ಹೇಳಿದೆ. ಏವಾರ ಚಾಕು ನಿಂತಿತು.

"ಕೊಲ್ಹಾಪುರ? ಇದನ್ನು ಮೊದಲ ದಿನವೇ ಹೇಳಬಾರದಿತ್ತೇ?"

ಯುದ್ಧದ ಕಾಲದಲ್ಲಿ ಊರು ಮನೆ ಕಳೆದುಕೊಂಡ ಪೋಲೆಂಡಿನ ಸಾವಿರಾರು ಹೆಂಗಸರು, ಮಕ್ಕಳು ಕೊಲ್ಹಾಪುರದ ಪಕ್ಕದ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದರಂತೆ. ಅವರ ಗಂಡಂದಿರು, ಅಣ್ಣತಮ್ಮಂದಿರು ಇಂಗ್ಲೆಂಡಿನಲ್ಲಿ ವಿಮಾನ ಹಾರಿಸುತ್ತಿದ್ದರಂತೆ. ಬೆಳಿಗ್ಗೆ ಬಸ್ಸು ಹತ್ತಿದರೆ ನಾನು ಸಂಜೆಗೆ ತಲುಪುವ ಊರಿನ ಕಥೆಯನ್ನು ನನಗೆ ಪೊಜ್ನಾನಿನಲ್ಲಿ ಅಣಬೆ ಹೆಚ್ಚುವಾಗ ಒಬ್ಬರು ಹೇಳಬೇಕಾಯಿತು. ಅಂದು ಮಕ್ಕಳಾಗಿ ಭಾರತದಲ್ಲಿದ್ದ ಕೆಲವರು ಇನ್ನೂ ಒಬ್ಬರಿಗೊಬ್ಬರು ಸಂಪರ್ಕದಲ್ಲಿದ್ದರು. ಏವಾ ಅವರಿಗೆಲ್ಲ ಚಿತ್ರ ಕಳಿಸಿದರು.

ಬುಧವಾರ ಫೋನ್ ಬಂತು. ಪೊಜ್ನಾನಿನಲ್ಲೇ ಇದ್ದ, ತೊಂಬತ್ತು ದಾಟಿದ ಹಲೀನಾ ಎಂಬುವರು. ಅವರ ಮೊದಲ ಮಾತು, "ಆ ಹಾಳು ಚಿತ್ರ ಇನ್ನೂ ಇದೆಯಾ?" ಅದು ಅವರ ಅಣ್ಣನ ಚಿತ್ರವಾಗಿತ್ತು.

ಹಲೀನಾ ಅವರ ಮನೆ

ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ. ಏವಾ ನೇರವಾಗಿ ಅಲ್ಲಿಗೇ ಬರುವವರಿದ್ದರು. ನಾನು ಕಾರ್ಖಾನೆಯಿಂದ ಬಸ್ಸಿನಲ್ಲಿ ಹೊರಟೆ. ದಾರಿಯ ಅಂಗಡಿಯಲ್ಲಿ ದಪ್ಪ ದಪ್ಪ ಹಳದಿ ಸೇವಂತಿಗೆ! ನಮ್ಮ ದೇವರ ಮನೆಯ ಹೂವನ್ನು ಪರದೇಶದಲ್ಲಿ ಕಂಡು ಎದೆ ತುಂಬಿಬಂತು, ಒಂದು ದೊಡ್ಡ ಕಟ್ಟು ತೆಗೆದುಕೊಂಡೆ. ಬಸ್ಸಿನಲ್ಲಿ ಎಲ್ಲರೂ ಅಂದು ನನ್ನ ಜೊತೆ ವಿಶೇಷ ಮೃದುವಾಗಿದ್ದರು. ಒಬ್ಬಳು ಎದ್ದು ಕೂರಲು ಜಾಗ ಕೊಟ್ಟಳು. ಒಬ್ಬ ಮುದುಕ ಟೊಪ್ಪಿಗೆ ತೆಗೆದು ತಲೆ ಬಾಗಿಸಿದ. ಎಂಥ ಸಂಸ್ಕಾರವಂತ ಜನ ಎಂದುಕೊಂಡು ನಾನೂ ಎಲ್ಲರಿಗೂ ನಗುನಗುತ್ತ ಕೈ ಮುಗಿದೆ. ಅವರು ಮುಖ ಮುಖ ನೋಡಿಕೊಂಡರು.

ಬಾಗಿಲಲ್ಲಿ ನನ್ನನ್ನು ಕಂಡ ಏವಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆ ದೇಶದಲ್ಲಿ ಸೇವಂತಿಗೆಯನ್ನು ಸಮಾಧಿಯ ಮೇಲೆ ಇಡುತ್ತಾರೆ, ಬದುಕಿದ್ದವರ ಮನೆಗೆ ಯಾರೂ ಒಯ್ಯುವುದಿಲ್ಲ. ನೆಲ ಬಾಯ್ದೆರೆದರೆ ಚೆನ್ನಾಗಿತ್ತು ಅನ್ನಿಸಿತು.

ಕುರ್ಚಿಯಲ್ಲಿ ಕೂತ ಸಣ್ಣ ಆಕೃತಿಯ ಹಲೀನಾ ಹೂವನ್ನೂ ನನ್ನನ್ನೂ ನೋಡಿದರು. "ಒಂದಿಷ್ಟು ಬೇಗ ತಂದಿರಿ," ಎಂದು ನಗಲಾರಂಭಿಸಿದವರು ಕೆಮ್ಮು ಬರುವತನಕ ನಕ್ಕರು. ಆಮೇಲೆ ನನ್ನ ಕಡೆ ಬೆರಳು ಮಾಡಿ, "ಬಸ, ಬಸ. ಚಹಾ ಪಾಹಿಜೇ?" ಎಂದರು. ಕೂತುಕೋ, ಚಹಾ ಬೇಕೇ ಎಂದು ಶುದ್ಧ ಕೊಲ್ಹಾಪುರದ ಮರಾಠಿ! ನಾನು ಧೊಪ್ಪನೆ ಕೂತುಬಿಟ್ಟೆ.

ಅವರು ಹೇಳಿ, ಏವಾ ಇಂಗ್ಲಿಷಿಗೆ ತಿರುಗಿಸಿದ ಕಥೆ ಇದು. ಅಮ್ಮನ ಬಳಿ ಮಗನದೊಂದು ಹೆಬ್ಬೆರಳಿನಷ್ಟು ಫೋಟೋ ಇತ್ತು, ಇಂಗ್ಲೆಂಡಿನಿಂದ ಕಳಿಸಿದ್ದು. ದೊಡ್ಡದು ಮಾಡಿಸಬೇಕೆಂದು ಕೊಲ್ಹಾಪುರದ ಪೇಂಟರನಿಗೆ ಕೊಟ್ಟಳು. ಅವನು ಮಗ ಏನು ಮಾಡುತ್ತಾನೆಂದು ಕೇಳಿದ. ಸೈನ್ಯ ಎಂದಳು. ಕಪ್ಪುಬಿಳುಪು ಫೋಟೋ, ಬಣ್ಣ ತಿಳಿಯುತ್ತಿರಲಿಲ್ಲ. ಸೈನ್ಯ ಅಂದಮೇಲೆ ಖಾಕಿ. ಮುಖ ಬೆಳ್ಳಗಿದ್ದದ್ದನ್ನು ಅವನು ಫೋಟೋದ ದೋಷ ಎಂದು ತಿಳಿದು ಸರಿಪಡಿಸಿದ. ಮಿಲಿಟರಿ ಮನುಷ್ಯನಿಗೆ ಮೀಸೆ ಇಲ್ಲದಿರುವುದನ್ನು ನೋಡಿ ಪಾಪ ಎನಿಸಿ ಅದನ್ನೂ ಇಟ್ಟ.

"ಅಮ್ಮ ಬಟ್ಟೆ ಸರಿಸಿ ಒಂದೇ ಸಲ ನೋಡಿದಳು. ಇವನು ನನ್ನ ಮಗನಲ್ಲ ಅಂದಳು. ನೆಲದ ಮೇಲೆ ಕೂತು ಅತ್ತಳು. ಆಮೇಲೆ ಮತ್ತೆ ಮೀಸೆ ನೋಡಿ ನಗತೊಡಗಿದಳು. ಮನೆ ಬಿಟ್ಟ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು," ಎಂದರು ಹಲೀನಾ. ಪೇಂಟರನಿಗೆ ಅವಮಾನವಾಯಿತು. ತಾಯಿಗೇ ಮಗನ ಗುರುತು ಹತ್ತದಿದ್ದರೆ ನನ್ನ ತಪ್ಪೇ ಎಂದು ಬೈದು ಚಿತ್ರವನ್ನು ವಾಪಸು ಒಯ್ದ. ಅದೇ ಅಂಗಡಿಯಲ್ಲಿ ನಮ್ಮ ಬೆಲ್ಲದ ವ್ಯಾಪಾರಿ ಅದನ್ನು ಕಂಡಿರಬೇಕು.

ನಾನು ದನಿ ತಗ್ಗಿಸಿ ಕೇಳಿದೆ, "ಮತ್ತೆ ಅವರು, ಯುದ್ಧದಲ್ಲಿ..."

"ಯಾರು ಹೇಳಿದರು? ಒಂದು ಕಾಲು ಮುರಿದುಕೊಂಡ, ಅಷ್ಟೇ. ಇಂಗ್ಲೆಂಡಿನ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ ಮಾಡಿ, ಮುದುಕನಾಗಿ ಇಲ್ಲಿಗೆ ಬಂದ. ತೊಂಬತ್ತು ದಾಟಿ ಸತ್ತ."

 ಅಂದರೆ ನಮ್ಮ ಆಯಿ ಜೀವಂತ ಮನುಷ್ಯನಿಗೆ, ಅವನು ಗಟ್ಟಿಮುಟ್ಟಾಗಿ ಬಿಸ್ಕತ್ತು ಮಾಡುತ್ತಿದ್ದಾಗ, ವರ್ಷ ತಪ್ಪದೆ ಎಡೆ ಇಟ್ಟಿದ್ದಾಳೆ! ಮುಚ್ಚಿಡಲು ಮನಸ್ಸು ಬರಲಿಲ್ಲ. ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಹಲೀನಾ ಗಂಭೀರವಾಗಿ ಕೇಳಿದರು. ಏನೇನು ಬಡಿಸುತ್ತಿದ್ದರು? ಹೋಳಿಗೆ ಎಂದೆ, ಅದರ ಮೇಲೆ ತುಪ್ಪ, ಕಡಬು, ಪಾಯಸ. ಯಾವ ತಿಂಗಳು? ಇದೇ ಹಂಗಾಮು ಎಂದೆ.

ಅವರು ಏವಾರ ಕಡೆ ತಿರುಗಿದರು. "ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಅವನು ದಪ್ಪಗಾಗುತ್ತಿದ್ದ. ಡಾಕ್ಟರಿಗೂ ಕಾರಣ ತಿಳಿದಿರಲಿಲ್ಲ."

ಸೇವಂತಿಗೆ ಸೇರಿದ ಜಾಗ

ಹೂವು ವ್ಯರ್ಥವಾಗಬಾರದೆಂದು ಅವರು ನಮ್ಮನ್ನು ಅಣ್ಣನ ಸಮಾಧಿಗೆ ಕರೆದುಕೊಂಡು ಹೋದರು. ಸ್ಮಶಾನ ಅನ್ನಲು ಮನಸ್ಸಾಗದಷ್ಟು ಚೊಕ್ಕಟ ಜಾಗ. ಜನ ಬಕೆಟ್ಟು, ಬ್ರಷ್ಷು ಹಿಡಿದು ತಂತಮ್ಮ ಹಿರಿಯರ ಕಲ್ಲುಗಳನ್ನು ತಿಕ್ಕುತ್ತಿದ್ದರು, ನಮ್ಮವರು ಹಬ್ಬದ ಮುಂಚೆ ಹಿತ್ತಾಳೆ ಪಾತ್ರೆ ತಿಕ್ಕುವ ಹಾಗೆ. ಕಲ್ಲಿನ ಮೇಲೆ ಒಂದು ಪಿಂಗಾಣಿ ಬಿಲ್ಲೆಯಲ್ಲಿ ನಮ್ಮ ಶರಣಪ್ಪ ಮುತ್ಯಾನ ನಿಜವಾದ ಮುಖ ಇತ್ತು. ಬೆಳ್ಳಗೆ, ಮೀಸೆಯಿಲ್ಲದೆ, ತುಂಟ ನಗೆಯ ತರುಣ. ಕಿವಿಗಳು ಮಾತ್ರ ಅವೇ. ಕೆಳಗೆ ಹೆಸರು. ಏವಾ ಅದನ್ನು ಓದಿ ಹೇಳಿಕೊಟ್ಟರು: ಜ್ಜಿಸ್ವಾಫ್. ನಾನು ನಾಲಿಗೆ ತಿರುಚಿಕೊಂಡು ಮತ್ತೆ ಮತ್ತೆ ಹೇಳಿದೆ.

ಹೆಂಡತಿ ಮಕ್ಕಳಿರಲಿಲ್ಲ ಎಂದರು ಹಲೀನಾ, ಕರವಸ್ತ್ರದಿಂದ ಬಿಲ್ಲೆ ಒರೆಸುತ್ತ. "ನನಗೂ ಇಲ್ಲ. ನಾನು ಹೋದ ಮೇಲೆ ಇವನಿಗೆ ದೀಪ ಹಚ್ಚುವವರಿಲ್ಲ." ನಾನು ಸೇವಂತಿಗೆಗೆ ನೀರು ಹಾಕಿದೆ. ದುಃಖವಾಯಿತು, ಆದರೆ ನಾನು ಎರಡು ವಾರದ ಅತಿಥಿ.

ಅಲ್ಲೇ ಬೆಂಚಿನ ಮೇಲೆ ಕೂತು ಆಯಿಗೆ ವಿಡಿಯೋ ಫೋನ್ ಹಚ್ಚಿದೆ. ಆಯಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಹಲೀನಾರ ಮರಾಠಿ ಮುಗಿದಲ್ಲಿ ನಾನು ತುಂಬುತ್ತಿದ್ದೆ. ಬದುಕಿದ್ದವನಿಗೆ ಎಡೆ ಇಟ್ಟ ಸುದ್ದಿ ಕೇಳಿ ಆಯಿ ಗಲ್ಲ ಗಲ್ಲ ಬಡಿದುಕೊಂಡಳು. "ತಪ್ಪಾಗ್ಯಾದ್ರೀ ಅವ್ವಾ, ತಿಳೀದ ಮಾಡೇನಿ." ತಪ್ಪಲ್ಲ, ಅದು ಊಟ ಎಂದರು ಹಲೀನಾ. ಆಮೇಲೆ ಅಮ್ಮ ಚಿತ್ರವನ್ನು ಒಲ್ಲೆನೆಂದ ಕಥೆ ಹೇಳಿದರು.

ಅದನ್ನು ಕೇಳಿದ ಆಯಿ ಫೋನನ್ನು ಮುಖದ ಹತ್ತಿರ ತಂದಳು. 

"ತಮ್ಮಾ," ಎಂದಳು, "ತಾಯಿಗಿ ಒಂದ ನೋಟದಾಗ ತಿಳೀತು ಅಂದ್ರ, ನಮ್ಮ ಮಾವಗ ತಿಳೀಲಿಲ್ಲೇನು? ಕೂಡಿ ಆಡಿ ಬೆಳದ ತಮ್ಮನ ಮಾರಿ ಅಣ್ಣಗ ಗೊತ್ತಿರೂದಿಲ್ಲಾ?"

ನನಗೆ ಇದು ಹೊಳೆದೇ ಇರಲಿಲ್ಲ.

"ಹೆಣಾ ಬರಲಿಲ್ಲ, ಮಣ್ಣು ಮಾಡಲಿಲ್ಲ, ಒಂದು ಫೋಟೋ ಇರಲಿಲ್ಲ. ಎಡಿ ಎಲ್ಲಿ ಇಡಬೇಕು ಆ ಮನಶಾ? ಅದಕ್ಕ ಯಾರದೋ ಒಂದು ಮಾರಿ ತಂದಾನ. ಎಡಿ ಇಡೂಮುಂದ ಎಂದೂ ತಲಿ ಎತ್ತಿ ಚಿತ್ರ ನೋಡತಿದ್ದಿಲ್ಲ. ನಾ ಅದಕ್ಕ ಭಕ್ತಿ ಅಂದ್ಕೊಂಡಿದ್ದೆ." ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅದನ್ನು ಅನುವಾದಿಸಲಿಲ್ಲ. ಆದರೂ ಹಲೀನಾ ಪರದೆಯ ಮೇಲಿನ ಆಯಿಯ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದರು.

ಮತ್ತೆ ಬಸವಕಲ್ಯಾಣ

ಅಮಾವಾಸ್ಯೆಯ ಎರಡು ದಿನ ಮೊದಲು ಊರು ಮುಟ್ಟಿದೆ. ಯೂಸುಫ್ ಭಾಯಿ ಹೊಸ ಕಟ್ಟು ಹಾಕಿ ತಾನೇ ತಂದುಕೊಟ್ಟಿದ್ದ. ಚಿತ್ರದ ಮುಂದೆ ಆಯಿ ಈ ಸಲ ಎರಡು ಎಲೆ ಹಾಕಿದಳು. ಹಲೀನಾ ಫೋನಿನಲ್ಲಿದ್ದರು. ನಾನು ಫೋನನ್ನು ತಂಬಿಗೆಗೆ ಆನಿಸಿ ನಿಲ್ಲಿಸಿದ್ದೆ.

"ಶರಣಪ್ಪಾ, ನೀ ಈ ಕಡಿ ಕೂಡು. ಮಾರಿ ನಿಂದಲ್ಲಂತ ಬ್ಯಾಸರ ಮಾಡ್ಕೋಬ್ಯಾಡ, ನಿಮ್ಮಣ್ಣ ತಂದದ್ದು. ಜಿಸ್ವಪ್ಪಾ, ನೀ ಈ ಕಡಿ. ಕೂಡಿ ಉಣ್ರಿ, ಜಗಳಾಡಬ್ಯಾಡ್ರಿ." ವಿಮಾನದಲ್ಲಿ ಇಡೀ ದಾರಿ ಬಾಯಿಪಾಠ ಮಾಡಿದ ನನ್ನ ಜ್ಜಿಸ್ವಾಫ್ ಹೀಗೆ ಅರೆಗಳಿಗೆಯಲ್ಲಿ ನಮ್ಮ ಮನೆಯವನಾದ.

ಎಡೆ ಮುಗಿದ ಮೇಲೆ ಆಯಿ ಫೋನಿನ ಕಡೆ ಬಾಗಿ ಮರಾಠಿಯಲ್ಲಿ ಜೋರಾಗಿ ಹೇಳಿದಳು. ನಿಮ್ಮ ಅಣ್ಣನ ಚಿಂತೆ ಬಿಡಿ, ನಾನಿರುವತನಕ ನಾನು, ಆಮೇಲೆ ಇವನು. ಇವನು ಎಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ, ಆದರೆ ಕೇಳಿದ್ದರೂ ಹೂಂ ಎನ್ನುತ್ತಿದ್ದೆ.

ಹಲೀನಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆ ಎಲೆಗಳ ಪಕ್ಕದಲ್ಲಿ ಇನ್ನೊಂದು ಎಲೆ ಹಿಡಿಸುವಷ್ಟು ಜಾಗ ಇದೆಯೇ ಎಂದು ಕೇಳಿದರು. ಈಗಲೇ ಬೇಡ, ಸುಮ್ಮನೆ ಕೇಳಿದೆ ಎಂದು ನಕ್ಕರು.

ಆಯಿ ನಗಲಿಲ್ಲ. ಎರಡೂ ಎಲೆಗಳನ್ನು ಎತ್ತಿ ಗೋಡೆಯ ಕಡೆ ಸರಿಸಿ, ಖಾಲಿಯಾದ ನೆಲವನ್ನು ಅಂಗೈಯಿಂದ ಒರೆಸಿ, "ಹೆಸರು ಹೇಳ್ರಿ," ಎಂದಳು. ಹಲೀನಾ ತಮ್ಮ ಪೂರ್ತಿ ಹೆಸರನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು. ಆಯಿ ಕಣ್ಣು ಮುಚ್ಚಿ ಅದನ್ನು ಒಮ್ಮೆ ಹೇಳಿದಳು, ತಪ್ಪಾಯಿತೇ ಎಂದು ಕೇಳಿ ಮತ್ತೊಮ್ಮೆ ಹೇಳಿದಳು.